ಮಲೆನಾಡಿನ ಪೇಟೆಗಳಲ್ಲಿ ದೊಡ್ಡ ಜಾನುವಾರುಗಳ ಸಾಕಣೆ: ಕಳಸದ ನಿದರ್ಶನದೊಡನೆ ಒಂದು ವಿವೇಚನೆ

1. ವಿಷಯ ಪ್ರವೇಶ

ಊರೊಳಗೆ ಆಕಳು, ಎತ್ತು, ಎಮ್ಮೆ, ಕುದುರೆ ಮೊದಲಾದ ದೊಡ್ಡ ಪ್ರಾಣಿಗಳನ್ನು ಸಾಕುವುದಕ್ಕೆ ಯಾವ ಕಟ್ಟುಪಾಡುಗಳಿರಬೇಕೆಂಬ ಪ್ರಶ್ನೆಯು ಮೇಲ್ನೋಟಕ್ಕೆ ಪುರಸಭೆಯ ಆರೋಗ್ಯಾಧಿಕಾರಿಗೆ ಮಾತ್ರ ಸಂಬಂಧಿಸಿದ್ದೆಂದು ತೋರುತ್ತದೆ. ಆದರೆ ಅದನ್ನು ತುಸು ಆಳವಾಗಿ ವಿಚಾರಿಸಿದಲ್ಲಿ ಭೂಮಿಯ ಒಡೆತನ, ಬೆಳೆಯ ಸ್ವರೂಪ, ಕಾಡಿನ ಎಲ್ಲೆ, ಸಣ್ಣ ಸಂಸಾರಗಳ ಜೀವನೋಪಾಯ ಇವೆಲ್ಲವೂ ಅದರಲ್ಲಿ ಹೆಣೆದುಕೊಂಡಿರುವುದು ಗೋಚರವಾಗುತ್ತದೆ. ಮಲೆನಾಡಿನ ಪೇಟೆಗಳ ಮಟ್ಟಿಗಂತೂ ಈ ಮಾತು ಮತ್ತಷ್ಟು ಸತ್ಯ. ಈ ಲೇಖನದಲ್ಲಿ ನಾವು ಚಿಕ್ಕಮಗಳೂರು ಜಿಲ್ಲೆಯ ಕಳಸವನ್ನು ನಿದರ್ಶನವಾಗಿಟ್ಟುಕೊಂಡು, ಇಂದು ಜಾರಿಯಲ್ಲಿರುವ ನಿಯಮಗಳ ಮೂಲತತ್ತ್ವವೇನು, ಅವು ಇಂತಹ ಊರಿಗೆ ಎಷ್ಟರ ಮಟ್ಟಿಗೆ ಹೊಂದುತ್ತವೆ ಎಂಬುದನ್ನು ಪರಿಶೀಲಿಸುತ್ತೇವೆ.

ಕಳಸವು ಭದ್ರಾ ನದಿಯ ದಂಡೆಯ ಪೇಟೆ. ಕಳಸೇಶ್ವರ ದೇವಾಲಯದಿಂದಲೂ, ಸಮೀಪದ ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಿಂದಲೂ ನಾಡಿನವರಿಗೆ ಪರಿಚಿತವಾದುದು. ದೀರ್ಘಕಾಲ ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದು, 2019ರಲ್ಲಿ ಪ್ರತ್ಯೇಕ ತಾಲ್ಲೂಕಾಗಿ ಘೋಷಿತವಾಯಿತು. ಬಹುಕಾಲ ಗ್ರಾಮ ಪಂಚಾಯತಿಯ ಆಡಳಿತದಲ್ಲಿಯೇ ಬೆಳೆದ ಪೇಟೆಯಿದು. ಸುತ್ತಲೂ ಕಾಫಿ ಮತ್ತು ಅಡಕೆಯ ತೋಟಗಳು, ಅವುಗಳಾಚೆಗೆ ಶೋಲೆ ಕಾಡು ಹಾಗೂ ಹುಲ್ಲಿನ ಬೋಳುಗುಡ್ಡಗಳು. ಬೆಳಗ್ಗೆ ಕೊಟ್ಟಿಗೆಯಿಂದ ಬಿಟ್ಟ ದನಗಳು ಗುಡ್ಡವನ್ನೋ ರಸ್ತೆಯಂಚನ್ನೋ ಹಿಡಿದು ಮೇಯ್ದು ಸಂಜೆಗೆ ಮರಳುವುದು ಈ ಸೀಮೆಯ ಹಳೆಯ ವಾಡಿಕೆ. ಮರಳಬೇಕಾದ ದನ ಬಸ್ಸು ನಿಲ್ದಾಣದ ಬಳಿ, ಅಂಗಡಿಗಳ ಜಗಲಿಯ ಮುಂದೆ ರಾತ್ರಿ ಕಳೆಯತೊಡಗಿದಾಗ ಅದು ‘ಸಮಸ್ಯೆ’ ಎನಿಸಿಕೊಳ್ಳುತ್ತದೆ. ಆಗಲೇ ನಿಯಮದ ಮಾತು ಏಳುತ್ತದೆ.

2. ಶಾಸನಗಳ ಮೂರು ಬಗೆ

ಜಾನುವಾರುಗಳನ್ನು ಕುರಿತ ನಮ್ಮ ಕಾನೂನುಗಳನ್ನು ಅವುಗಳ ಉದ್ದೇಶವನ್ನು ನೋಡಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಅತಿಕ್ರಮ ಪ್ರವೇಶದ ಕಾನೂನು. 1871ರ ಜಾನುವಾರು ಅತಿಕ್ರಮ ಪ್ರವೇಶ ಅಧಿನಿಯಮವು ಇದರ ಮಾದರಿ. ಬೆಳೆಗೆ ನುಗ್ಗಿ ಹಾನಿ ಮಾಡಿದ ದನವನ್ನು ಸಾಗುವಳಿದಾರನು ಹಿಡಿದು 24 ಗಂಟೆಗಳೊಳಗೆ ದೊಡ್ಡಿಗೆ ಸೇರಿಸಬಹುದು. ದೊಡ್ಡಿಯವನು ಅದಕ್ಕೆ ಮೇವು ನೀರು ಒದಗಿಸಬೇಕು. ಒಡೆಯನು ದಂಡವನ್ನೂ ಮೇವಿನ ವೆಚ್ಚವನ್ನೂ ತೆತ್ತು ಬಿಡಿಸಿಕೊಳ್ಳಬೇಕು. ಏಳು ದಿನಗಳೊಳಗೆ ಯಾರೂ ಬಾರದಿದ್ದರೆ ಹರಾಜಿನ ಕ್ರಮ ಮೊದಲಾಗಬೇಕು. ಇದು ಅದರ ಸ್ಥೂಲರೂಪ. ಅಂದಿನ ದಂಡದ ಪಟ್ಟಿಯು ಕುತೂಹಲಕರವಾದುದು: ಆನೆಗೆ ಎರಡು ರೂಪಾಯಿ, ಒಂಟೆ ಅಥವಾ ಎಮ್ಮೆಗೆ ಎಂಟಾಣೆ, ಕುದುರೆ, ಎತ್ತು, ಆಕಳುಗಳಿಗೆ ನಾಲ್ಕಾಣೆ, ಕರು, ಕತ್ತೆ, ಹಂದಿಗಳಿಗೆ ಎರಡಾಣೆ, ಕುರಿ ಮೇಕೆಗಳಿಗೆ ಒಂದಾಣೆ. ಪ್ರಾಣಿಯ ಗಾತ್ರ ಬೆಳೆದಂತೆ ದಂಡವೂ ಬೆಳೆಯಬೇಕೆಂಬ ವಿವೇಕ ಇಲ್ಲಿದೆ. ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ, 1966ರಲ್ಲಿ, ನಮ್ಮ ರಾಜ್ಯಕ್ಕೆ ತನ್ನದೇ ಆದ ಜಾನುವಾರು ಅತಿಕ್ರಮ ಪ್ರವೇಶ ಅಧಿನಿಯಮವು ಬಂದಿತು. ದೊಡ್ಡಿ ಎಂದು ಹಳೆಯ ಮೈಸೂರು ಸೀಮೆಯವರೂ, ಕೊಂಡವಾಡ ಎಂದು ಉತ್ತರದ ಜಿಲ್ಲೆಗಳವರೂ ಕರೆಯುವ ಕಟ್ಟೆಯೇ ಈ ಕಾನೂನಿನ ಕೇಂದ್ರ.

ಎರಡನೆಯದು ಉಪದ್ರವದ ಕಾನೂನು. ಬೀದಿಯಲ್ಲಿ ಪ್ರಾಣಿಯನ್ನು ಬಿಟ್ಟು ಸಂಚಾರಕ್ಕೆ ಅಡ್ಡಿ ಮಾಡುವುದು, ತನ್ನ ವಶದಲ್ಲಿರುವ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದಿರುವುದು ಇವು ಅಪರಾಧಗಳು. ಭಾರತ ದಂಡ ಸಂಹಿತೆಯ 289ನೆಯ ಕಲಮಿನಲ್ಲಿ ಇಂತಹ ಅಲಕ್ಷ್ಯಕ್ಕೆ ಆರು ತಿಂಗಳ ಕಾರಾವಾಸ ಅಥವಾ ಸಾವಿರ ರೂಪಾಯಿಗಳವರೆಗಿನ ದಂಡ, ಇಲ್ಲವೆ ಎರಡೂ ವಿಹಿತವಾಗಿದ್ದವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು ದಂಡದ ಮಿತಿಯನ್ನು ಐದು ಸಾವಿರಕ್ಕೆ ಏರಿಸಿದೆ. ಕರ್ನಾಟಕ ಪೊಲೀಸ್ ಅಧಿನಿಯಮದ 92ನೆಯ ಕಲಮು ಬೀದಿಯ ಅಪರಾಧಗಳನ್ನು ಎಣಿಸುತ್ತದೆ.

ಮೂರನೆಯದು ನೆಲೆಯ ಕಾನೂನು. ಪ್ರಾಣಿಯನ್ನು ಕಟ್ಟುವ ಸ್ಥಳ, ಅದರ ನೆಲಹಾಸು, ಗಾಳಿ ಬೆಳಕು, ಸಗಣಿ ಗಂಜಳಗಳ ವಿಲೇವಾರಿ ಇವುಗಳನ್ನು ಇದು ನೋಡಿಕೊಳ್ಳುತ್ತದೆ. ಪ್ರಾಣಿಹಿಂಸಾ ನಿವಾರಣ ಅಧಿನಿಯಮದ (1960) ಮೇರೆಗೆ 1978ರಲ್ಲಿ ರಚಿತವಾದ ಜಾನುವಾರು ನಿವೇಶನಗಳ ನೋಂದಣಿ ನಿಯಮಗಳು ಇದಕ್ಕೆ ಉದಾಹರಣೆ. ಲಾಭಕ್ಕಾಗಿ ಐದು ಅಥವಾ ಹೆಚ್ಚು ದನಗಳನ್ನಿಟ್ಟುಕೊಂಡವರು ತಮ್ಮ ಕೊಟ್ಟಿಗೆಯನ್ನು ನೋಂದಾಯಿಸಬೇಕೆಂದು ಅವು ವಿಧಿಸುತ್ತವೆ. 2020ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯು ಹೈನುಶಾಲೆ ಮತ್ತು ಗೋಶಾಲೆಗಳಿಗೆಂದು ಹೊರಡಿಸಿದ ಮಾರ್ಗಸೂಚಿಗಳೂ ಈ ಬಗೆಗೆ ಸೇರಿದವು.

ಈ ಮೂರು ಬಗೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹೊಲದಲ್ಲಿ ಸಿಕ್ಕಿದ ದನವನ್ನು ಮೊದಲನೆಯದು, ಬೀದಿಯಲ್ಲಿ ಸಿಕ್ಕಿದ ದನವನ್ನು ಎರಡನೆಯದು, ಕೊಟ್ಟಿಗೆಯಲ್ಲಿ ನಿಂತ ದನವನ್ನು ಮೂರನೆಯದು ವಿಚಾರಿಸಿಕೊಳ್ಳುತ್ತದೆ. ಕೊಟ್ಟಿಗೆಯಿಂದ ಮೇವಿನ ನೆಲಕ್ಕೆ ಹೋಗಿ ಬರುವ ದನವನ್ನು ಕುರಿತು ಇವುಗಳಲ್ಲಿ ಯಾವುದೂ ಚಿಂತಿಸಿಲ್ಲ. ಮಲೆನಾಡಿನ ದನವಾದರೋ ದಿನದ ಬಹುಭಾಗವನ್ನು ಆ ದಾರಿಯಲ್ಲಿಯೇ ಕಳೆಯುತ್ತದೆ.

3. ‘ನಗರ’ವೆಂಬುದರ ಅಳತೆ ಮತ್ತು ‘ತಲೆ’ಯ ಲೆಕ್ಕ

1978ರ ನಿಯಮಗಳು ಜನಸಂಖ್ಯೆ ಒಂದು ಲಕ್ಷವನ್ನು ಮೀರಿದ ಊರುಗಳಿಗೆ ಅನ್ವಯಿಸತಕ್ಕವು. 2011ರ ಜನಗಣತಿಯಲ್ಲಿ ಚಿಕ್ಕಮಗಳೂರು ನಗರದ ಜನಸಂಖ್ಯೆಯು 1,18,000ದಷ್ಟಿದ್ದುದರಿಂದ ಅದು ಈ ಗೆರೆಯ ಒಳಗೆ ಬರುತ್ತದೆ. ಮೂಡಿಗೆರೆಯಾಗಲಿ ಕಳಸವಾಗಲಿ ಆ ಗೆರೆಗೆ ಬಹುದೂರ. ಹೀಗಾಗಿ ಒಂದೇ ಜಿಲ್ಲೆಯಲ್ಲಿ, ಒಂದೇ ಮಳೆಗೆ ನೆನೆಯುವ ಎರಡು ಕೊಟ್ಟಿಗೆಗಳಲ್ಲಿ ಒಂದಕ್ಕೆ ನಿಯಮವುಂಟು, ಇನ್ನೊಂದಕ್ಕಿಲ್ಲ. ಸಣ್ಣ ಪೇಟೆಗಳ ಪಾಲಿಗೆ ಉಳಿಯುವುದು ಸ್ಥಳೀಯ ಸಂಸ್ಥೆಯ ಅಧಿಕಾರ. ಪುರಸಭೆಗಳಿಗೆ 1964ರ ಅಧಿನಿಯಮವೂ, ಪಂಚಾಯತಿಗಳಿಗೆ 1993ರ ಅಧಿನಿಯಮವೂ ಆಧಾರ. ಗ್ರಾಮ ಪಂಚಾಯತಿಯ ಕಾರ್ಯಗಳ ಪಟ್ಟಿಯಲ್ಲಿ ದನದ ಕೊಟ್ಟಿಗೆ, ದೊಡ್ಡಿ ಹಾಗೂ ಬಂಡಿ ನಿಲ್ದಾಣಗಳ ನಿರ್ಮಾಣ ಮತ್ತು ನಿರ್ವಹಣೆಗಳು ಸೇರಿವೆ. ಬಂಡಿ ನಿಲ್ದಾಣಗಳು ಕಣ್ಮರೆಯಾದವು. ದೊಡ್ಡಿಗಳೂ ಅನೇಕ ಕಡೆ ಹೆಸರಿಗೆ ಮಾತ್ರ ಉಳಿದಿವೆ. ಬಿಡಾಡಿ ದನವಾದರೋ ಉಳಿದುಕೊಂಡಿದೆ.

‘ಐದು ತಲೆ’ ಎಂಬ ಲೆಕ್ಕವೂ ವಿಚಾರಾರ್ಹ. ಮಲೆನಾಡಿನ ಮೂಲತಳಿಯಾದ ಮಲೆನಾಡು ಗಿಡ್ಡವನ್ನು 2012ರಲ್ಲಿ ರಾಷ್ಟ್ರೀಯ ಪಶು ಅನುವಂಶಿಕ ಸಂಪನ್ಮೂಲ ಕೇಂದ್ರವು ಅಧಿಕೃತ ತಳಿಯೆಂದು ನೋಂದಾಯಿಸಿತು. ಅದರ ಭುಜದೆತ್ತರವು ಸುಮಾರು 90 ಸೆಂಟಿಮೀಟರು, ತೂಕವು ನೂರು ಕಿಲೋಗ್ರಾಮಿನ ಆಸುಪಾಸು. ಬಯಲಿನ ಹೈನುಶಾಲೆಯ ಮಿಶ್ರತಳಿಯ ಹಸುವಿನ ತೂಕ 400 ಕಿಲೋಗ್ರಾಮಿನಷ್ಟು. ಅದು ದಿನವೊಂದಕ್ಕೆ ಹಾಕುವ ಸಗಣಿ 15ರಿಂದ 20 ಕಿಲೋಗ್ರಾಮು ಎಂದು ಮೇಲೆ ಹೇಳಿದ ಮಾರ್ಗಸೂಚಿಗಳು ಲೆಕ್ಕ ಹಾಕುತ್ತವೆ. ತೂಕದ ದೃಷ್ಟಿಯಿಂದ ನಾಲ್ಕು ಗಿಡ್ಡಗಳು ಒಂದು ಮಿಶ್ರತಳಿಯ ಹಸುವಿಗೆ ಸಮ. ಆದರೂ ತಲೆಯೆಣಿಕೆಯ ನಿಯಮದಲ್ಲಿ ಐದು ಗಿಡ್ಡಗಳನ್ನು ಸಾಕಿದವನು ಉದ್ಯಮಿ, ನಾಲ್ಕು ದೊಡ್ಡ ಹಸುಗಳನ್ನು ಸಾಕಿದವನು ಅಲ್ಲ! 1871ರ ದಂಡಪಟ್ಟಿಯಲ್ಲಿ ಕಾಣುವ ಗಾತ್ರದ ವಿವೇಕ ಇಲ್ಲಿ ಮರೆಯಾಗಿದೆ. ಕಳಸದಂತಹ ಊರು ಮುಂದೆ ತನ್ನದೇ ಉಪವಿಧಿಯನ್ನು ರಚಿಸಿಕೊಳ್ಳುವಾಗ ನಗರದ ನಿಯಮವನ್ನು ಇದ್ದಂತೆಯೇ ನಕಲು ಮಾಡಿದಲ್ಲಿ ಈ ದೋಷವೂ ಜೊತೆಗೇ ಬರುತ್ತದೆ.

4. ಬೇಲಿ ಯಾರ ಹೊಣೆ?

ದನ ಮತ್ತು ಬೆಳೆಗಳ ನಡುವಣ ವ್ಯಾಜ್ಯಕ್ಕೆ ಲೋಕದಲ್ಲಿ ಎರಡು ಪರಿಹಾರಗಳು ರೂಢಿಯಲ್ಲಿವೆ. ಬೆಳೆಯವನು ಬೇಲಿ ಹಾಕಿಕೊಳ್ಳಬೇಕೆಂಬುದು ಒಂದು; ದನದವನು ದನವನ್ನು ಕಟ್ಟಿಕೊಳ್ಳಬೇಕೆಂಬುದು ಇನ್ನೊಂದು. ಬತ್ತದ ಸೀಮೆಗಳ ಹಳೆಯ ರೂಢಿ ಇವೆರಡನ್ನೂ ಋತುಮಾನಕ್ಕನುಸಾರವಾಗಿ ಹೊಂದಿಸಿಕೊಂಡಿತ್ತು. ನಾಟಿಯಿಂದ ಕೊಯ್ಲಿನವರೆಗೆ ದನಗಾಹಿಯ ಎಚ್ಚರ, ಗದ್ದೆಯಂಚಿನ ಬೇಲಿ. ಕೊಯ್ಲಾದ ಮೇಲೆ ಗದ್ದೆಬಯಲೆಲ್ಲ ಊರ ದನಕ್ಕೆ ಬಿಡುವು. ದನವು ಕೂಳೆ ಮೇಯ್ದು ಗೊಬ್ಬರ ಬಿಡುತ್ತಿತ್ತು. ಒಂದೇ ನೆಲವು ಆರು ತಿಂಗಳು ನಿಷಿದ್ಧ, ಆರು ತಿಂಗಳು ಮುಕ್ತ.

ಕಾಫಿಯ ವಿಷಯ ಹಾಗಲ್ಲ. ಅದು ಬಹುವಾರ್ಷಿಕ ಬೆಳೆ. ಅದಕ್ಕೆ ಕೊಯ್ಲು ಉಂಟು, ಬಿಡುವಿಲ್ಲ. ಹಣ್ಣು ಬಿಡಿಸಿ ಮುಗಿಯುವ ಹೊತ್ತಿಗೆ ಹೂಮಳೆಯ ನಿರೀಕ್ಷೆ. ಹೂ ಉದುರಿದೊಡನೆ ಕಾಯಿಯ ಕಾವಲು. ಎಳೆಯ ಗಿಡಗಳನ್ನು ದನ ತುಳಿದರೂ ತಿಂದರೂ ಹಾನಿಯೇ. ಆದಕಾರಣ ತೋಟದ ತಂತಿಬೇಲಿ ವರ್ಷದ ಹನ್ನೆರಡು ತಿಂಗಳೂ ಮುಚ್ಚಿರಲೇಬೇಕು. ಗದ್ದೆಗಳು ಅಡಕೆ ಕಾಫಿಗಳಿಗೆ ತಿರುಗಿದಷ್ಟೂ ಊರ ದನಕ್ಕೆ ತೆರೆದಿದ್ದ ಋತು ಕಿರಿದಾಗುತ್ತ ಬಂದಿತು. ಹಿಂದೆ ತೋಟದವರೂ ಗೊಬ್ಬರಕ್ಕಾಗಿ ದೊಡ್ಡ ಮಂದೆಗಳನ್ನು ಸಾಕುತ್ತಿದ್ದರು. ರಾಸಾಯನಿಕ ಗೊಬ್ಬರವು ಬಂದ ಮೇಲೆ ಆ ಅಗತ್ಯವೂ ಕುಗ್ಗಿತು. ತೋಟಕ್ಕೂ ದನಕ್ಕೂ ಇದ್ದ ಕೊಡುಕೊಳೆ ಹೀಗೆ ಸಡಿಲಾಯಿತು.

ತೋಟದಾಚೆ ಕಾಡು. ಕಳಸದ ಪಶ್ಚಿಮಕ್ಕೆ 1987ರಲ್ಲಿ ಘೋಷಿತವಾದ, ಸುಮಾರು 600 ಚದರ ಕಿಲೋಮೀಟರು ವಿಸ್ತಾರದ ಕುದುರೆಮುಖ ರಾಷ್ಟ್ರೀಯ ಉದ್ಯಾನವಿದೆ. 1972ರ ವನ್ಯಜೀವಿ ಸಂರಕ್ಷಣ ಅಧಿನಿಯಮದ 35ನೆಯ ಕಲಮು ರಾಷ್ಟ್ರೀಯ ಉದ್ಯಾನದೊಳಗೆ ಮೇಯಿಸುವುದನ್ನು ನಿಷೇಧಿಸುತ್ತದೆ. ವನ್ಯಮೃಗಗಳಿಗೆ ಸಾಂಕ್ರಾಮಿಕ ರೋಗ ತಗಲದಂತೆಯೂ ಹುಲ್ಲುಗಾವಲು ಸವೆಯದಂತೆಯೂ ಕಾಪಾಡುವ ಈ ವಿಧಿಯ ಔಚಿತ್ಯವನ್ನು ಯಾರೂ ಅಲ್ಲಗಳೆಯಲಾರರು.

ಉಳಿಯುವುದು ಗೋಮಾಳ. 1964ರ ಭೂಕಂದಾಯ ಅಧಿನಿಯಮದ 71ನೆಯ ಕಲಮಿನ ಪ್ರಕಾರ ಸರ್ಕಾರಿ ಜಮೀನನ್ನು ಉಚಿತ ಹುಲ್ಲುಗಾವಲಿಗಾಗಿ ತೆಗೆದಿರಿಸಬಹುದು. 1966ರ ನಿಯಮಗಳಲ್ಲಿ 97ನೆಯದು ಅದರ ಪ್ರಮಾಣವನ್ನು ನೂರು ಜಾನುವಾರುಗಳಿಗೆ 12 ಹೆಕ್ಟೇರು, ಎಂದರೆ ಸುಮಾರು 30 ಎಕರೆ, ಎಂದು ಗೊತ್ತುಪಡಿಸಿದೆ. ಆದರೆ ಭೂಹೀನರ ಸಾಗುವಳಿ, ಬಗರ್ ಹುಕುಂ ಸಕ್ರಮೀಕರಣ, ನಿವೇಶನ ಹಂಚಿಕೆ, ಸಾರ್ವಜನಿಕ ಕಟ್ಟಡಗಳು, ತೋಟಗಳ ಒತ್ತುವರಿ ಇವೆಲ್ಲಕ್ಕೂ ಒದಗಿದ್ದು ಗೋಮಾಳವೇ. ಇವುಗಳಲ್ಲಿ ಕೆಲವು ನ್ಯಾಯವಾದ ಬೇಡಿಕೆಗಳೆಂಬುದನ್ನು ನಾವು ಮರೆಯುವಂತಿಲ್ಲ. ಆದರೆ ಪ್ರತಿಯೊಂದು ಬೇಡಿಕೆಯೂ ಈಡೇರಿದಾಗ ದನದ ನೆಲ ಅಷ್ಟಷ್ಟು ಕಡಿಮೆಯಾಯಿತು.

ಹೀಗೆ ಎಣಿಸಿದರೆ ಕಳಸದ ಸುತ್ತ ದನ ಎಲ್ಲಿ ಇರಕೂಡದೆಂದು ಹೇಳುವ ಎಲ್ಲೆಗಳು ಮೂರು: ಉದ್ಯಾನದ ಗೆರೆ, ತೋಟದ ಬೇಲಿ, ಪೇಟೆಯ ಬೀದಿ. ಎಲ್ಲಿ ಇರಬಹುದೆಂದು ಹೇಳುವ ನಿಯಮ ಒಂದೇ, ಅದು ಗೋಮಾಳದ್ದು. ಮೂರು ಎಲ್ಲೆಗಳು ಬಲವಾಗುತ್ತ, ನಾಲ್ಕನೆಯದು ಸೊರಗುತ್ತ ಬಂದುದರ ಫಲವನ್ನೇ ನಾವು ಬಸ್ಸು ನಿಲ್ದಾಣದ ಬಳಿ ಮಲಗಿದ ದನದಲ್ಲಿ ಕಾಣುತ್ತೇವೆ.

ಇದಕ್ಕೆ ಇನ್ನೊಂದು ಕಾರಣವನ್ನೂ ಸೇರಿಸಬೇಕು. ಟಿಲ್ಲರು ಟ್ರ್ಯಾಕ್ಟರುಗಳು ಬಂದ ಮೇಲೆ ಹೋರಿಗರುವಿಗೆ ಕೆಲಸವಿಲ್ಲವಾಯಿತು. 1964ರ ಗೋಹತ್ಯಾ ನಿಷೇಧ ಅಧಿನಿಯಮದಲ್ಲಿ 12 ವರ್ಷ ಮೀರಿದ ಎತ್ತು ಎಮ್ಮೆಗಳ ವಿಷಯದಲ್ಲಿ ಪ್ರಮಾಣಪತ್ರದ ಮೇಲೆ ವಿನಾಯಿತಿಯಿತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಅಧಿನಿಯಮದಲ್ಲಿ ಆ ವಿನಾಯಿತಿ 13 ವರ್ಷ ಮೀರಿದ ಎಮ್ಮೆ ಕೋಣಗಳಿಗೆ ಸೀಮಿತವಾಗಿದೆ. ಇದರ ಧರ್ಮಾಧರ್ಮಗಳ ಚರ್ಚೆ ಈ ಲೇಖನದ ವ್ಯಾಪ್ತಿಗೆ ಸೇರಿದ್ದಲ್ಲ. ಕೆಲಸವೂ ಹಾಲೂ ಇಲ್ಲದ ಪ್ರಾಣಿಯನ್ನು ಕಡೆಯವರೆಗೆ ಪೋಷಿಸುವ ವೆಚ್ಚವು ಯಾರದೆಂಬ ಪ್ರಶ್ನೆ ಮಾತ್ರ ನಮ್ಮ ವಿಷಯಕ್ಕೆ ಸಂಬಂಧಿಸಿದ್ದು. ಅದಕ್ಕೆ ಉತ್ತರ ಸಿಗದಿರುವೆಡೆ ಆ ಪ್ರಾಣಿ ಬೀದಿಯ ಪಾಲಾಗುತ್ತದೆ. 2019ರ ಜಾನುವಾರು ಗಣತಿಯಲ್ಲಿ ದೇಶದ ಬಿಡಾಡಿ ದನಗಳ ಸಂಖ್ಯೆ 50 ಲಕ್ಷವನ್ನು ಮೀರಿತ್ತು.

5. ಆರೋಗ್ಯದ ದೃಷ್ಟಿ

ಪಟ್ಟಣಗಳಲ್ಲಿ ದನವನ್ನು ಕುರಿತ ಆರೋಗ್ಯದ ಆಕ್ಷೇಪಗಳು ಸಾಮಾನ್ಯವಾಗಿ ನೊಣ, ದುರ್ವಾಸನೆ, ಚರಂಡಿ ಇವುಗಳಿಗೆ ಸಂಬಂಧಿಸಿರುತ್ತವೆ. ಮಲೆನಾಡಿನಲ್ಲಿ ಇವುಗಳಿಗಿಂತ ಗಂಭೀರವಾದ ವಿಚಾರವೊಂದಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣುಗಿನಿಂದ ಹರಡುವ ರೋಗ. ಚಿಕ್ಕಮಗಳೂರು ಜಿಲ್ಲೆಯೂ ಅದರಿಂದ ಮುಕ್ತವಾಗಿಲ್ಲ. 2024ರಲ್ಲಿಯೂ ಇಲ್ಲಿ ಪ್ರಕರಣಗಳು ಕಂಡುಬಂದವು. ಈ ರೋಗದಲ್ಲಿ ದನದ ಪಾತ್ರ ವಿಶಿಷ್ಟವಾದುದು. ದನವು ಸ್ವತಃ ಈ ಕಾಯಿಲೆಯಿಂದ ನರಳುವುದಿಲ್ಲ. ಆದರೆ ಬೆಳೆದ ಉಣುಗು ರಕ್ತ ಹೀರುವುದು ಮುಖ್ಯವಾಗಿ ದನದಂತಹ ದೊಡ್ಡ ಪ್ರಾಣಿಗಳಿಂದ. ರಕ್ತ ಕುಡಿದು ಉದುರಿದ ಹೆಣ್ಣುಗಳು ತರಗೆಲೆಯಡಿಯಲ್ಲಿ ಮೊಟ್ಟೆಯಿಡುತ್ತವೆ. ಮರಿಯುಣುಗುಗಳು ಮುಂದೆ ಇಲಿ, ಮಂಗ, ಮನುಷ್ಯರನ್ನು ಹತ್ತುತ್ತವೆ. ಆದಕಾರಣ ಕಾಡಿನಂಚಿನಲ್ಲಿ ಮೇಯುವ ದನವು ಉಣುಗಿನ ಸಂತತಿ ಹೆಚ್ಚಲು ಸಹಾಯಕವಾಗುತ್ತದೆ. ಕೊಟ್ಟಿಗೆಯ ಹಾಸಿಗೆಂದು ಕಾಡಿನ ದರಗನ್ನು ತರುವ ಮಲೆನಾಡಿನ ರೂಢಿಯೂ ಎಚ್ಚರಿಕೆಯನ್ನು ಬೇಡುತ್ತದೆ.

ರೋಗದ ಕಾಲ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಎಂದರೆ ಗುಡ್ಡದ ಹುಲ್ಲು ಒಣಗಿ, ದನಗಳು ಮೇವನ್ನರಸಿ ಕಾಡಿನೊಳಕ್ಕೆ ಹೆಚ್ಚು ದೂರ ನುಗ್ಗುವ ಕಾಲವೇ ಅದು. ಪೇಟೆಯಲ್ಲಿ ದನವನ್ನು ನಿಷೇಧಿಸಿ ಊರ ಹೊರಕ್ಕೆ ಅಟ್ಟಿದರೆ ಅದು ಸೇರುವುದು ಕಾಡಿನಂಚನ್ನೇ ಅಲ್ಲವೆ? ಬೀದಿಯನ್ನು ಶುಚಿಗೊಳಿಸುವ ನಿಯಮವು ಹೀಗೆ ಕಾಡಿನ ಅಪಾಯವನ್ನು ಹೆಚ್ಚಿಸುವ ಸಂಭವವಿದೆ. ಬಯಲುಸೀಮೆಯ ಆರೋಗ್ಯಶಾಸ್ತ್ರದಿಂದ ಈ ವಿಪರ್ಯಾಸವನ್ನು ಊಹಿಸುವುದು ಸಾಧ್ಯವಿಲ್ಲ.

6. ಅನ್ಯ ನಿದರ್ಶನಗಳು

ನಗರವು ದನವನ್ನು ಹೊರಗಿಟ್ಟ ಉದಾಹರಣೆಗಳಲ್ಲಿ ಮುಂಬಯಿಯದು ಪ್ರಸಿದ್ಧ. ಅಲ್ಲಿಯ ಎಮ್ಮೆಗಳ ಕೊಟ್ಟಿಗೆಗಳನ್ನು ನಗರಮಧ್ಯದಿಂದ ತೆಗೆಸಲು 1949ರಲ್ಲಿ ಆರೇ ಹಾಲಿನ ವಸಾಹತು ಸ್ಥಾಪಿತವಾಯಿತು. ಅದಕ್ಕಾಗಿ ಮೀಸಲಾದ ನೆಲವು 3,160 ಎಕರೆ. ನಿಷೇಧದ ಹಿಂದೆ ನೆಲವಿತ್ತು, ಕೊಟ್ಟಿಗೆಯಿತ್ತು, ಹಾಲಿನ ಮಾರಾಟದ ವ್ಯವಸ್ಥೆಯಿತ್ತು ಎಂಬುದು ಇಲ್ಲಿ ಗಮನಿಸತಕ್ಕ ಅಂಶ. 2025ರ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯವು ಹೆದ್ದಾರಿಗಳಿಂದ ಬಿಡಾಡಿ ದನಗಳನ್ನು ತೆರವು ಮಾಡಿ ಆಶ್ರಯಸ್ಥಾನಗಳಿಗೆ ಸೇರಿಸಬೇಕೆಂದು ನಿರ್ದೇಶಿಸಿದಾಗಲೂ, ‘ತೆರವು’ ಮತ್ತು ‘ಆಶ್ರಯ’ಗಳು ಜೊತೆಯಾಗಿಯೇ ಬಂದಿವೆ. ಸಣ್ಣ ಪಂಚಾಯತಿಗಳಿಗೆ ಮೊದಲನೆಯದು ಸುಲಭ, ಎರಡನೆಯದು ದುಬಾರಿ. ಮೊದಲನೆಯದನ್ನು ಮಾತ್ರ ಮಾಡಿದಲ್ಲಿ ದನವು ಒಂದು ಊರಿನ ಬೀದಿಯಿಂದ ಇನ್ನೊಂದು ಊರಿನ ಬೀದಿಗೆ ವರ್ಗವಾಗುತ್ತದೆ, ಅಷ್ಟೆ.

7. ಉಪಸಂಹಾರ

ಪೇಟೆಯಲ್ಲಿ ದನವನ್ನು ಸಾಕುವವರು ಯಾರೆಂಬುದನ್ನು ಮರೆತು ನಿಯಮ ಮಾಡಲಾಗದು. ವಿಸ್ತಾರವಾದ ತೋಟವುಳ್ಳವನಿಗೆ ತನ್ನ ಬೇಲಿಯೊಳಗೆಯೇ ಕೊಟ್ಟಿಗೆಯುಂಟು. ಪೇಟೆಯ ನಿಷೇಧ ಅವನನ್ನು ತಟ್ಟುವುದಿಲ್ಲ. ತೋಟದ ಲೈನುಮನೆಯಲ್ಲಿಯೋ ಪೇಟೆಯಂಚಿನ ಸಣ್ಣ ನಿವೇಶನದಲ್ಲಿಯೋ ಒಂದೆರಡು ಹಸುಗಳನ್ನು ಕಟ್ಟಿ, ಹಾಲು ಮಾರಿ ಮಕ್ಕಳ ಓದಿನ ಖರ್ಚನ್ನು ತೂಗಿಸುವವರೇ ಅದರ ಭಾರವನ್ನು ಹೊರತಕ್ಕವರು. ಅದೇ ಹೊತ್ತಿಗೆ, ಮಂಜು ಕವಿದ ತಿರುವಿನಲ್ಲಿ ರಸ್ತೆಯ ಮೇಲೆ ಮಲಗಿದ ದನಕ್ಕೆ ಬಡಿದು ಬೀಳುವ ಬೈಕಿನವನ ಪ್ರಾಣವೂ ಅಷ್ಟೇ ಬೆಲೆಯುಳ್ಳದ್ದು. ಎರಡನ್ನೂ ಕಾಯುವ ನಿಯಮವೇ ನ್ಯಾಯವಾದ ನಿಯಮ.

ಮೇಲಿನ ವಿವೇಚನೆಯಿಂದ ನಮಗೆ ತೋರುವ ಸೂಚನೆಗಳನ್ನು ಹೀಗೆ ಸಂಗ್ರಹಿಸಬಹುದು.

(ಅ) ಸಣ್ಣ ಪೇಟೆಗಳ ಉಪವಿಧಿಯಲ್ಲಿ ನಿಷೇಧಕ್ಕಿಂತ ‘ರಾತ್ರಿ ಕೊಟ್ಟಿಗೆ’ಯ ಕಡ್ಡಾಯವು ಮುಖ್ಯವಾಗಬೇಕು. ಹಗಲು ಮೇಯ್ದ ದನವನ್ನು ಕತ್ತಲಾಗುವ ಮುನ್ನ ಕಟ್ಟುವ ಹೊಣೆ ಒಡೆಯನದು. ಕಟ್ಟಲು ಜಾಗವಿಲ್ಲದವರಿಗೆ ಪಂಚಾಯತಿಯ ಸಾಮೂಹಿಕ ಕೊಟ್ಟಿಗೆ. ಇದನ್ನು ಕಟ್ಟುವ ಅಧಿಕಾರ ಪಂಚಾಯತಿಗೆ ಈಗಾಗಲೇ ಉಂಟು.

(ಆ) ಒಡೆಯನನ್ನು ಗುರುತಿಸುವುದು ಹಳೆಯ ದೊಡ್ಡಿಯ ಪದ್ಧತಿಯಲ್ಲಿ ದೊಡ್ಡ ತೊಡಕಾಗಿತ್ತು. ಅವನಾಗಿ ಬರುವವರೆಗೆ ಕಾಯಬೇಕಿತ್ತು. ಈಗ ಲಸಿಕೆ ಕಾರ್ಯಕ್ರಮದೊಡನೆ ದನದ ಕಿವಿಗೆ 12 ಅಂಕಿಗಳ ಬಿಲ್ಲೆ ಹಾಕಲಾಗುತ್ತಿದೆ. ಈ ಅಂಕಿಯನ್ನು ದೊಡ್ಡಿಯ ದಾಖಲೆಯೊಡನೆ ಜೋಡಿಸಿದಲ್ಲಿ, ಮೊದಲ ಬಾರಿ ಎಚ್ಚರಿಕೆ, ಮರುಕಳಿಸಿದರೆ ಏರುವ ದಂಡ ಎಂಬ ಕ್ರಮವು ಸಾಧ್ಯ.

(ಇ) ಪರವಾನಗಿಯ ಲೆಕ್ಕವು ತಲೆಯೆಣಿಕೆಯ ಬದಲು ಪ್ರಾಣಿಯ ತೂಕ, ಕೊಟ್ಟಿಗೆಯ ವಿಸ್ತಾರ ಹಾಗೂ ಸಗಣಿಯ ವಿಲೇವಾರಿಗಳನ್ನು ಆಧರಿಸಬೇಕು. ಹಾಗಾದಲ್ಲಿ ಮಲೆನಾಡು ಗಿಡ್ಡದಂತಹ ಅಲ್ಪಾಹಾರಿ ತಳಿಯನ್ನು ಸಾಕುವುದು ಪೇಟೆಯಲ್ಲಿಯೂ ಸುಲಭವಾಗುತ್ತದೆ.

(ಈ) ಡಿಸೆಂಬರಿನಿಂದ ಮೇವರೆಗೆ ಕಾಡಿನಂಚಿನ ಮೇವನ್ನು ಆದಷ್ಟು ತಗ್ಗಿಸಿ, ದನಗಳ ಮೈಯುಣುಗನ್ನು ನಿವಾರಿಸುವ ಕ್ರಮವನ್ನು ಪಶುವೈದ್ಯ ಇಲಾಖೆಯೊಡನೆ ಕೂಡಿ ಕೈಗೊಳ್ಳಬೇಕು. ಆ ತಿಂಗಳುಗಳಲ್ಲಿ ಒಣಮೇವಿನ ಸರಬರಾಜೇ ಆರೋಗ್ಯರಕ್ಷಣೆಯ ಕಾರ್ಯವೆನಿಸುತ್ತದೆ.

(ಉ) ಉಪವಿಧಿಯನ್ನು ರಚಿಸುವ ಮುನ್ನ ಊರ ದನಗಳ ಎಣಿಕೆಯನ್ನೂ ಉಳಿದಿರುವ ಗೋಮಾಳದ ಅಳತೆಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ನೂರಕ್ಕೆ 12 ಹೆಕ್ಟೇರು ಎಂಬ ಪ್ರಮಾಣಕ್ಕೂ ವಾಸ್ತವಕ್ಕೂ ಇರುವ ಅಂತರವೇ ಬೀದಿಯ ದನಗಳಿಗೆ ಅರ್ಥ ಹೇಳುತ್ತದೆ. ಕಾಲೇಜಿನ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಈ ಲೆಕ್ಕವನ್ನು ತೆಗೆದಲ್ಲಿ ಅದು ಉಪಯುಕ್ತವಾದ ಸಂಶೋಧನೆಯಾದೀತು. ತಾಲ್ಲೂಕು ಕಚೇರಿಯ ಪಹಣಿ, ಪಶು ಆಸ್ಪತ್ರೆಯ ಗಣತಿ, ಒಂದು ಸಂಜೆ ಬೀದಿಯಲ್ಲಿ ನಿಂತು ಮಾಡಿದ ಎಣಿಕೆ ಇಷ್ಟಿದ್ದರೆ ಅದಕ್ಕೆ ಸಾಕು.

ದನವು ಇಲ್ಲಿರಕೂಡದು ಎಂದು ಹೇಳುವ ನಿಯಮವು ಎಲ್ಲಿರಬೇಕೆಂಬುದನ್ನೂ ಅದೇ ವಾಕ್ಯದಲ್ಲಿ ಹೇಳಬೇಕು. ಹಾಗೆ ಹೇಳಲು ಶಕ್ತವಾಗದ ನಿಯಮವು ಮಲೆನಾಡಿನ ಪೇಟೆಯ ಪಾಲಿಗೆ ಅರ್ಧ ಬರೆದ ನಿಯಮ.